ಮುಳ್ಳು

ಸಿರವಾರದ ರಸ್ತೆಯಲ್ಲಿ ಮೊದಲ ಸಲ ಬಿದ್ದದ್ದು.
ನಲವತ್ತರಲ್ಲಿದ್ದ ಆಯಿಲ್ ಮುಳ್ಳು ಒಮ್ಮೆಲೇ ಸೊನ್ನೆ.
ಬ್ರೇಕ್ ಒತ್ತಿದೆ, ಎದ್ದು ಕೂತಿತು
ಏನೂ ಆಗದವರ ಹಾಗೆ.

ಎಂಬತ್ತೆಂಟರ ಅಂಬಾಸಿಡರು,
ನಮ್ಮದೇ ಇಲಾಖೆಯ ಹರಾಜಿನಲ್ಲಿ ಹಿಡಿದದ್ದು.
ಒಳಗೂ ಹೊರಗೂ ಹೊಸ ಬಣ್ಣ ಹೊಡೆಸಿದ್ದೆ,
ಆದರೂ ಬಾಗಿಲಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ
ಬಿಸಿಲಿಗೆ ಇಣುಕುತ್ತದೆ.

ಪಂಪು ಹೋಗೈತಿ ಅಂದ ಒಬ್ಬ.
ಬೇರಿಂಗ್ ಸವದಾವ, ಎಂಜಿನ್ ಇಳಿಸಬೇಕು,
ಹದಿನೆಂಟು ಸಾವಿರ, ಅಂದ ಇನ್ನೊಬ್ಬ.
ಮೂರನೆಯವ ಮಾತಾಡದೆ ಗೇಜಿನ ಗಾಜಿಗೆ ಮೊಟಕಿದ.
ಅದೂ ಒಂದು ವಿದ್ಯೆ:
ಎರಡು ದಿನ ನೆಟ್ಟಗಿತ್ತು.

ಆ ತಿಂಗಳು ನಾನು ದಾರಿ ನೋಡಿ ಓಡಿಸಲಿಲ್ಲ.
ಹತ್ತಿ ಹೇರಿದ ಟ್ರ್ಯಾಕ್ಟರು, ಕುರಿಹಿಂಡು, ಕಾಲುವೆ ಸೇತುವೆ
ಎಲ್ಲ ಮುಳ್ಳಿನ ಪಕ್ಕದಲ್ಲಿ ಮಸುಕಾಗಿ ಹಾದುಹೋದವು.

ರಾಯಚೂರಿನ ಗಂಜ್ ಹಿಂದೆ, ಜಿನ್ನಿಂಗ್ ಮಿಲ್ಲಿನ ಗೋಡೆಗಾತು
ಲಾಡ್ಲೇಸಾಬನ ತಗಡಿನ ಚಪ್ಪರ.
ಗ್ರೀಸಿನ ಡಬ್ಬಿಯ ಮೇಲೂ ಅರಳೆ.
ಬಾನೆಟ್ಟು ಎತ್ತಲಿಲ್ಲ ಅವನು. ಕೇಳಿದ:
ಹಗಲ ಬೀಳತೈತೋ, ರಾತ್ರಿನೋ?

ಇಪ್ಪತ್ತಾರು ವರ್ಷ ನಾನೂ ಹೀಗೇ ಕೇಳಿದವಳು:
ತಲೆ ತಿರುಗೋದು ಎದ್ದಾಗಲೋ, ಮಲಗಿದಾಗಲೋ?
ರಾತ್ರಿ, ಅಂದೆ.

ಲೈಟ್ ಹಾಕ್ರಿ. ಮುಳ್ಳು ಕುಸಿಯಿತು.
ಹಾರ್ನ್ ಒತ್ರಿ. ಕುಣಿಯಿತು.
ಲೈಟಿಗೂ ಎಣ್ಣಿಗೂ ಏನ್ರೀ ಸಂಬಂಧ, ಸಿಸ್ಟರಮ್ಮ?

ಆದರೂ ಬಿಡಲಿಲ್ಲ. ಎಂಜಿನ್ನಿನ ಬಗಲಿಗೆ
ಹಿತ್ತಾಳೆ ಕೊಳವೆಯ ಬೇರೆ ಗೇಜು ಕಚ್ಚಿಸಿದ.
ಮೇ ಬಿಸಿಲಲ್ಲಿ ಒಂದು ಸುತ್ತು, ಎಣ್ಣೆ ನೀರಾಗುವಷ್ಟು ಕಾದ ಮೇಲೂ
ನಿಂತಲ್ಲಿ ಇಪ್ಪತ್ತೆರಡು, ಆಕ್ಸಿಲೇಟರ್ ಒತ್ತಿದರೆ ನಲವತ್ತೈದು.
ಅಲುಗಲಿಲ್ಲ.
ರಕ್ತ ಛಲೋ ಐತಿ, ಅಂದ,
ಸುದ್ದಿ ತರಾಂವ ಕುಡುಕ.

ಡ್ಯಾಶ್‌ಬೋರ್ಡಿನ ಹಿಂದೆ ಕೈಯಿಟ್ಟು ಹುಡುಕಿದ.
ಒಂದು ಕರಿ ವಾಯರು, ಹೊಸ ಬಣ್ಣದ ಮೇಲೆ ಬಿಗಿದ ಸ್ಕ್ರೂ.
ಕಬ್ಬಿಣ ಮುಟ್ಟಿರಲೇ ಇಲ್ಲ.
ಅರ್ಥ್ ಸಿಕ್ಕಿಲ್ರೀ, ಅದಕ್ಕ ತೊದಲತಿತ್ತು.
ನನಗೆ ಅರ್ಥ ಎಂದೇ ಕೇಳಿಸಿತು.
ಬಣ್ಣಕ್ಕೆ ದುಡ್ಡು ಕೊಟ್ಟವಳು ನಾನೇ.

ಅರ ಹಾಕಿ ಉಜ್ಜಿದ, ಬಿಗಿದ. ಎಂಬತ್ತು ರೂಪಾಯಿ.
ಚಿಲ್ಲರೆ ಇರಲಿಲ್ಲ.
ಬಿಡ್ರಿ, ನನ್ನ ಬಿ.ಪಿ. ನೋಡಿ ವಜಾ ಮಾಡ್ಕೊಳ್ರಿ,
ಅಂತ ಎಣ್ಣೆಗೈ ಚಾಚಿದ.

ನೂರಾ ತೊಂಬತ್ತು.
ಪಟ್ಟಿ ಬಿಚ್ಚಿ ಮತ್ತೆ ಸುತ್ತಿದೆ. ಕೈ ಬದಲಿಸಿದೆ.
ಟ್ಯೂಬು ಹಿಂಡಿ ನೋಡಿದೆ, ಎಲ್ಲಾದರೂ ಸೋರುತ್ತದೇನೋ ಎಂದು.
ಮುಳ್ಳು ಅಲ್ಲೇ.

ಅವನು ನನ್ನ ಮುಖ ಓದಿಬಿಟ್ಟ. ನಕ್ಕ.
ಗಾಜಿಗೆ ಒಂದು ಮೊಟಕ್ರೀ, ಸಿಸ್ಟರಮ್ಮ.

ಮೊಟಕಿದೆ.