ಹಿಂದಿನ ಬಳೆಯ ಅಡಿಗೆ

ಭಾನುವಾರ ಲೇತು ಮಲಗಿರುತ್ತದೆ. ನಾನು
ಏರ್‌ಗನ್ನನ್ನು ಗೋಣಿತಾಟಿನಲ್ಲಿ ಸುತ್ತಿ ಬೈಕಿಗೆ ಬಿಗಿದು
ಹೊಸೂರಿನಿಂದ ತಳಿ ರಸ್ತೆ ಹಿಡಿದು
ನೀರು ನಿಂತ ಹಳೇ ಕ್ವಾರಿಗೆ ಬರುತ್ತೇನೆ.
ಇಲ್ಲಿ ಗುಂಡು ತಪ್ಪಿದರೆ ತಡೆಯಲು ಅರ್ಧ ಬೆಟ್ಟ ಇದೆ.
ಇನ್ನರ್ಧ ಯಾವ ಊರಿನ ಯಾವ ಬ್ಯಾಂಕಿಗೆ ನೆಲವಾಗಿದೆಯೋ.

ಕಾವಲಿಗೆ ದೊಡ್ಡಮುನಿಯಪ್ಪ. ಕಾಯುವುದು
ತುಕ್ಕು ಹಿಡಿದ ಒಂದು ಕ್ರೇನು, ಹಸಿರು ನೀರು,
ತಮಿಳಿನಲ್ಲಿ ಒಂದು ಬೋರ್ಡು. ಅದನ್ನು ಆತ ಓದಲಾರ.
ಓದಬಲ್ಲವರು ಯಾರೂ ಈ ಕಡೆ ಬರುವುದಿಲ್ಲ.

ಮೊದಲು ಬಳೆ ಎರಡು. ಗನ್ನಿನ ಬೆನ್ನ ತೋಡಿಗೆ ಕಚ್ಚಿಸಿ
ದುರ್ಬೀನನ್ನು ಅದರ ಮೇಲೆ ಮಲಗಿಸಿ
ಸ್ಕ್ರೂಗಳನ್ನು ಕಾಲು ಸುತ್ತು, ಕಾಲು ಸುತ್ತು,
ಎಡಕ್ಕೊಮ್ಮೆ ಬಲಕ್ಕೊಮ್ಮೆ.
ಒಂದೇ ಕಡೆ ಬಿಗಿದರೆ ಕೊಳವೆ ಕೊಂಕುತ್ತದೆ.
ಜಾಲಿ ಕೊಂಬೆಯಿಂದ ದಾರ ಇಳಿಬಿಟ್ಟು ತುದಿಗೆ ನಟ್ಟು ಕಟ್ಟಿ
ಗಾಜಿನೊಳಗಿನ ನಿಲುಗೆರೆ
ಆ ದಾರದಲ್ಲಿ ಅಡಗುವ ತನಕ ಹೊರಳಿಸಿದೆ.
ಗೆರೆ ಹೋಯಿತು, ದಾರ ಉಳಿಯಿತು. ಅಲ್ಲಿಗೆ ಬಿಗಿ.

ಗುಲಾಬಿ ತುಂಬಿ ಕಳಿಸುವ ರಟ್ಟಿನ ಪೆಟ್ಟಿಗೆ,
ಒಳಗೆ ಚಿಂದಿ ಬಟ್ಟೆ, ಮುಂದೆ ಬಿಳಿ ಹಾಳೆ,
ನಡುವೆ ರತ್ನಿಯ ಸ್ಟಿಕ್ಕರ್ ಬಿಂದಿ
(ಕೇಳದೆ ತಂದದ್ದು).
ಹದಿನೆಂಟು ಹೆಜ್ಜೆ.

ಮೂರು ಹೊಡೆದೆ. ಮೂರೂ ಒಂದೇ ಜಾಗ,
ಎರಡು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದು,
ಬಿಂದಿಗೆ ಮಾತ್ರ ನಾಲ್ಕು ಬೆರಳು ಕೆಳಗೆ.
ಇಷ್ಟು ಅಚ್ಚುಕಟ್ಟಾಗಿ ತಪ್ಪಲು ನನ್ನ ಕೈಗೆ ಬಾರದು.
ಮೇಲಿನ ತಿರುಪು ತಿರುಗಿಸಿದೆ. ಟಿಕ್, ಟಿಕ್,
ಮತ್ತೆ ಹೊಡೆದೆ, ಮತ್ತೆ ಟಿಕ್, ಎಣಿಕೆ ತಪ್ಪಿತು,
ಆಮೇಲೆ ತಿರುಪೇ ನಿಂತಿತು.
ಇನ್ನೂ ಎರಡು ಬೆರಳು ಬಾಕಿ.

ಹಿಂದಿನ ಬಳೆಯಲ್ಲಿ ದುರ್ಬೀನಿನ ಕೆಳಗೆ ಏನಾದರೂ ಕೊಡಬೇಕು, ಅಂದೆ,
ಕೂದಲೆಳೆಯಷ್ಟು ಎತ್ತರಿಸಲು.
ಪೇಪರು ನಲುಗುತ್ತೆ. ತಗಡು ಜಾರುತ್ತೆ.

ಮುನಿಯಪ್ಪ ಶೆಡ್ಡಿಗೆ ಹೋಗಿ ಬಂದ,
ಕೃಷ್ಣಗಿರಿ ಆಸ್ಪತ್ರೆಯ ಕಂದು ಕವರು ಹಿಡಿದು.
"ಇದು ಆಯ್ತದಾ ನೋಡು ಸಾಮಿ."

ಎತ್ತಿ ಹಿಡಿದೆ. ಪಕ್ಕೆಲುಬುಗಳ ಹಿಂದೆ ಬಿಸಿಲು.
ಎರಡೂ ಕಡೆ ಬಿಳಿ ಚುಕ್ಕಿ, ರಾಗಿ ಎರಚಿದ ಹಾಗೆ,
ಇಪ್ಪತ್ತೆರಡು ವರ್ಷ ಡ್ರಿಲ್ಲಿನ ಹಿಂದೆ ನಿಂತದ್ದು.
ಬೇಡ, ಇಟ್ಟುಕೋ, ಬೇಕಾಗುತ್ತೆ, ಅಂದೆ.
"ಆಪೀಸ್ನೋರಿಗೆ ತೋರಿಸ್ದೆ. ಸೀಲಿಲ್ಲ ಅಂದ್ರು."
ಹೆಸರಿದ್ದ ಮೂಲೆಯನ್ನು ತಾನೇ ಕತ್ತರಿಸಿದ.
"ಹೆಸ್ರೂ ತಪ್ಪು ಬರ್ದವ್ರೆ."

ಮೈಕ್ರೋಮೀಟರ್ ಜೇಬಲ್ಲೇ ಇತ್ತು, ಹಾಳು ಅಭ್ಯಾಸ.
ಸೊನ್ನೆ ಪಾಯಿಂಟ್ ಒಂದು ಎಂಟು.
ಎರಡು ಪಟ್ಟಿ, ಒಂದರ ಮೇಲೊಂದು.
ಬಳೆ ಮುಚ್ಚಿ ಕಾಲು ಸುತ್ತು, ಕಾಲು ಸುತ್ತು.
ಈ ಸಲ ಬಿಂದಿಯ ಮೇಲಂಚು. ತಿರುಪು ಇಳಿಸಿದೆ,
ಎಡಕ್ಕೆ ಎರಡು ಟಿಕ್.
ಬಿಂದಿ ಹೋಯಿತು.

"ಒಂದು ನಂಗೆ," ಅಂದ.
ಮೊಣಕೈ ಇಲ್ಲಿಡು, ಕೆನ್ನೆ ಹೀಗೆ, ಗನ್ನನ್ನು ಹಿಸುಕಬೇಡ,
ಉಸಿರು ಅರ್ಧ ಬಿಟ್ಟು ಹಿಡಿದುಕೋ, ಆಮೇಲೆ ಒತ್ತು.
ನಕ್ಕ. ನಗು ಕೆಮ್ಮಾಯಿತು.
ಗನ್ನಿನ ಮೂತಿ ಪೆಟ್ಟಿಗೆ ಬಿಟ್ಟು ನೀರಿಗೆ, ಜಾಲಿಗೆ, ಆಕಾಶಕ್ಕೆ.
ನಾನು ಕೈ ಚಾಚಿದೆ. ಆತ ಕೊಡಲಿಲ್ಲ.
ಕಾದ. ಒಂದು ಕೆಮ್ಮು ಮುಗಿದು
ಇನ್ನೊಂದು ಹುಟ್ಟುವ ಮೊದಲು ಎಲ್ಲೋ ಸಂದು ನೋಡಿ ಒತ್ತಿದ.

ಪೆಟ್ಟಿಗೆಗೆ ತಾಗಲಿಲ್ಲ. ಆಚೆ ಬಂಡೆಯಲ್ಲಿ
ಟಣ್ ಅಂತ ಒಂದು ಸದ್ದು, ನೀರ ಮೇಲೆ ಹಾದು ಬಂತು.

ಸ್ವಲ್ಪ ಎಡಕ್ಕೆ ಹೋಯಿತು, ಅಂದೆ.
ಆತ ನನ್ನ ಕಡೆ ನೋಡಲಿಲ್ಲ.
ಕಿವಿಯನ್ನು ಇನ್ನೂ ಆ ಕಡೆಗೇ ಇಟ್ಟು
"ಬಿರುಕಿಲ್ಲ," ಅಂದ. "ಒಳ್ಳೇ ಕಲ್ಲು.
ಇದೊಂದ ಬಿಟ್ಟು ಓಗವ್ರೆ."