ಒಂಬತ್ತನೇ ವಾರ, ನಾಪೋಕ್ಲು

ಎಣ್ಣೆಯ ಔಷಧ, ಚಳಿಗೆ ಮಂದವಾಗಿದೆ.
ಆಂಪೂಲನ್ನು ಅಂಗೈಯಲ್ಲಿ ಮುಚ್ಚಿ ನಿಂತಿದ್ದೇನೆ,
ಮೊಟ್ಟೆ ಕದ್ದವಳ ಹಾಗೆ.

ಬೊಳ್ಳವ್ವ ಮಗ್ಗುಲಾಗಿ ಮಲಗಿ ಗೋಡೆಯನ್ನು ಕೇಳುತ್ತಾಳೆ:
"ಸಿಸ್ಟರ್, ಮೂರನ್ನೂ ನನ್ನ ಮೈಯೇ ಹೊಡೆಯಿತಾ?"

ಗೊತ್ತಿಲ್ಲ ಅನ್ನುವುದೇ ಸರಿ. ಆದರೂ
ಡಾಕ್ಟರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳಿದೆ:
ಒಳಗಿರುವುದು ಅರ್ಧ ನೀನು, ಅರ್ಧ ಹೊರಗಿನದು.
ಮೈಯ ಕಾವಲಿನವರಿಗೆ ಮುಖಪರಿಚಯವಿಲ್ಲ.
ಈ ಪ್ರೊಜೆಸ್ಟರಾನ್ ಒಕ್ಕದ ಹಿರಿಯಳಿದ್ದಂತೆ;
ಜಗಲಿಗೆ ಬಂದು, ದನಿ ಎತ್ತದೆ,
ನಮ್ಮದೇ, ಕೋವಿ ಇಳಿಸಿ, ಅನ್ನುತ್ತದೆ.

"ಇಳಿಸಿ ಸುಮ್ಮನೆ ಕೂರುತ್ತಾರಾ?"
ಇಲ್ಲ ಮಾರಾಯ್ತಿ, ಅದೇ ಸೋಜಿಗ.
ಕೊಲೆಗಡುಕ ಕೋಶ ಎಂದು ಹೆಸರು ಹೊತ್ತವೇ
ಅಲ್ಲಿ ಗುದ್ದಲಿ ಹಿಡಿದು ಕಾಲುವೆ ಅಗಲಿಸುತ್ತವೆ,
ಅಷ್ಟು ಚಿಕ್ಕ ಗದ್ದೆಗೆ ನೆತ್ತರು ಹಾಯಲೆಂದು.

ನಕ್ಕಳು. ಸೂಜಿ ಹೋದದ್ದು ತಿಳಿಯಲಿಲ್ಲ.

ಹೊರಗೆ ಜೀಪಿನಲ್ಲಿ ಬಿದ್ದಪ್ಪ.
ಮಗು ಹುಟ್ಟಿದ ದಿನ ಹಾರಿಸಲೆಂದು ಇಟ್ಟ ಒಂದೇ ತೋಟೆ
ಮೂರು ವರ್ಷದಿಂದ ಡ್ಯಾಶ್‌ಬೋರ್ಡಿನಲ್ಲಿದೆಯಂತೆ.
"ತೇವ ಹಿಡಿದಿರಬಹುದು" ಅನ್ನುತ್ತಾಳೆ,
ಸೀರೆ ಸರಿಮಾಡಿಕೊಳ್ಳುತ್ತ.

ಶುಕ್ರವಾರ ಇನ್ನೊಂದಿದೆ, ಅಂದೆ.
ಹತ್ತಿ ಒತ್ತಿ ಹಿಡಿ.