ಇಪ್ಪತ್ನಾಲ್ಕನೇ ಪೋರ್ಟು

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯ ಆಸ್ಪತ್ರೆ.
ಮೆಟ್ಟಿಲ ಕೆಳಗಿನ ಬೀರು. ಒಳಗೆ ಸ್ವಿಚ್ಚು,
ಒಂದು ಮೋಟು ಪೊರಕೆ, ಯಾರೋ ಮರೆತ ಟಿಫಿನ್ ಕ್ಯಾರಿಯರ್.
ರಾತ್ರಿ ಹನ್ನೊಂದೂವರೆ.
ಹೆರಿಗೆ ವಾರ್ಡಿನ ಫೋನು ಸತ್ತು ಮೂರು ದಿನವಂತೆ.
"ಎರಡು ಸಲ ಬದಲಾಯಿಸಿದ್ರು ಕಣಮ್ಮ, ಹೊಸದೂ ಸತ್ತೈತೆ.
ಡಾಕ್ಟ್ರನ್ನ ಕರೆಯೋಕೆ ಮೆಟ್ಟಿಲಿಳಿದು ಓಡ್ತೀನಿ,
ನನ್ನ ಮಂಡಿ ನೋಡು" ಎಂದರು ಸಿಸ್ಟರ್ ಖಮರುನ್ನೀಸಾ.

ಫೋನು ಸತ್ತಿರಲಿಲ್ಲ. ಹಸಿದಿತ್ತು.

ಈ ಪೆಟ್ಟಿಗೆಯ ಕಣಜದಲ್ಲಿರುವುದು ಮುನ್ನೂರ ಎಪ್ಪತ್ತು ವ್ಯಾಟು,
ಉಣ್ಣುವ ಬಾಯಿ ಇಪ್ಪತ್ನಾಲ್ಕು.
ಮಾತು ಹೋಗುವ ತಂತಿಯಲ್ಲೇ ಅನ್ನವೂ ಹೋಗಬೇಕು.
ಇದರ ನಡತೆ ನನಗಿಷ್ಟ:
ತಂತಿ ಚುಚ್ಚಿದ ಕೂಡಲೇ ಸುರಿಯುವುದಿಲ್ಲ,
ಮೊದಲು ಚೂರೇ ಚೂರು ಒತ್ತಡ ಕಳಿಸಿ ಕೇಳುತ್ತದೆ:
ಆ ಕಡೆ ಯಾರು, ಉಣ್ಣುವವರಾ?
ಹೂಂ ಅಂದರೆ, ಎಷ್ಟು ತುತ್ತು?
ಉತ್ತರ ಬರದಿದ್ದರೆ ಸುಮ್ಮನಿರುತ್ತದೆ.

ಕೆಟ್ಟಿದ್ದು ಪಟ್ಟಿ.
ನನಗಿಂತ ಮುಂಚೆ ಬಂದಿದ್ದವನು
ಎಲ್ಲ ಪೋರ್ಟಿಗೂ 'ಲೋ' ಎಂದೇ ಬಿಟ್ಟು ಹೋಗಿದ್ದ.
ಎಲ್ಲರೂ ಸಮ.
ಸಮ ಎಂದರೆ ಸ್ವಿಚ್ಚಿಗೆ ತಿಳಿಯುವುದು ಒಂದೇ ಲೆಕ್ಕ:
ಸಣ್ಣ ಸಂಖ್ಯೆಗೆ ಮೊದಲು.
ತಲೆಗೆ ಹದಿನೈದು ಚಿಲ್ಲರೆಯಂತೆ ಸರಿಯಾಗಿ ಸಾಲುತ್ತಿತ್ತು;
ಹೋದ ವಾರ ಗೇಟಿಗೆ, ಮೂರನೇ ಪೋರ್ಟಿನ ಹಳೆಯದರ ಜಾಗಕ್ಕೆ,
ಕತ್ತು ಹೊರಳಿಸುವ ಕ್ಯಾಮೆರಾ ಬಂತು,
ಮೂವತ್ತು ವ್ಯಾಟಿನ ಹೊಟ್ಟೆ.
ಪಂಕ್ತಿಯ ಕೊನೆಯ ಎಲೆ ಖಾಲಿ ಉಳಿಯಿತು.
ಯಾರೂ ಬೇಕೆಂದು ಮಾಡಿದ್ದಲ್ಲ.

ಅಪ್ಪ ಪಾಲಯ್ಯ ನಗರಸಭೆಯ ವಾಲ್ವ್‌ಮನ್.
ಅವನ ಸೈಕಲ್ಲಿನ ಹಿಂದೆ, ನನಗಿಂತ ಉದ್ದದ
ಕಬ್ಬಿಣದ ಕೀಲಿ ತಬ್ಬಿಕೊಂಡು ಕೂರುತ್ತಿದ್ದೆ.
ನಸುಕಿನ ನಾಲ್ಕಕ್ಕೆ ಬೀದಿಬೀದಿಯ ಗುಂಡಿಯೊಳಗೆ
ಅದನ್ನಿಳಿಸಿ ತಿರುಗಿಸುವನು, ಸುತ್ತು ಎಣಿಸುತ್ತ:
ಇಳಿಜಾರಿನ ಬೀದಿಗೆ ಐದು, ಏರಿನದಕ್ಕೆ ಹನ್ನೊಂದು.
"ನೀರಿಗೆ ಜಾತಿ ಇಲ್ಲ ಮಗಾ, ಪೈಪಿಗೆ ಐತೆ.
ಸುಮ್ಕೆ ಬಿಟ್ರೆ ಮುಂದ್ಲ ಮನೇರು ಅಂಗಳ ತೊಳೀತಾರೆ,
ಕೊನೇ ಮನೇರು ಕೊಡ ಇಟ್ಕಂಡು
ನಲ್ಲಿ ಗಾಳಿ ಊದಾದು ಕೇಳ್ತಾರೆ."
ಮುಂದಿನ ಮನೆಗಳಲ್ಲಿ ಅವನಿಗೆ ಒಳ್ಳೆಯ ಹೆಸರಿರಲಿಲ್ಲ.

ಮಂಡಿಯ ಮೇಲೆ ಲ್ಯಾಪ್‌ಟಾಪ್, ಸೊಳ್ಳೆ.
ಮೊದಲು ಎಂಜಲಾಗದೆ ಉಳಿಯುತ್ತಿದ್ದುದನ್ನು ಹುಡುಕಿದೆ:
ಆರು ವ್ಯಾಟು ಉಣ್ಣುವ ಫೋನುಗಳೆಲ್ಲ
ಹದಿನೈದು ಬಡಿಸಿಕೊಂಡು ಕೂತಿದ್ದವು.
ಏಳಕ್ಕೆ ಕಟ್ಟಿದೆ ಒಂದೊಂದನ್ನೂ.
ದೂರದ ವಾರ್ಡಿನವಕ್ಕೆ ಎಂಟು;
ತೊಂಬತ್ತು ಮೀಟರ್ ತಾಮ್ರ
ತನ್ನ ಪಾಲು ಮುರಿದುಕೊಳ್ಳದೆ ಯಾವುದನ್ನೂ ದಾಟಿಸದು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು.
ಆದರೆ ಇನ್ನೊಂದು ಕ್ಯಾಮೆರಾ ಬಂದೇ ಬರುತ್ತದೆ,
ಅವತ್ತು ನಾನಿರುವುದಿಲ್ಲ.
ಹಾಗಾಗಿ ಬರೆದಿಡಬೇಕು, ಕೊರತೆ ಬಿದ್ದಾಗ
ಪಂಕ್ತಿಯಿಂದ ಮೊದಲು ಯಾರು ಏಳಬೇಕೆಂದು.

ಇಪ್ಪತ್ನಾಲ್ಕು: ಕ್ರಿಟಿಕಲ್.
ಗೇಟು: ಹೈ.
ಶವಾಗಾರದ ಬಾಗಿಲು: ತುಸು ಯೋಚಿಸಿ, ಹೈ.
ಹೋದವರನ್ನೂ ಯಾರಾದರೂ ಕಾಯಬೇಕಲ್ಲ.
ಒಂದನೇ ಪೋರ್ಟು, ಆಡಳಿತಾಧಿಕಾರಿಯ ಮೇಜಿನ
ಬಣ್ಣದ ಪರದೆಯ ಫೋನು.
ಬೆರಳು ನಿಂತಿತು. ನನ್ನ ಬಿಲ್ಲಿಗೆ ಸಹಿ ಹಾಕುವ ಮೇಜು ಅದು.
ಹೊರಗೆ ಕಾವಲಿನ ಕಾಟಪ್ಪ ಕೆಮ್ಮಿದ.
ಲೋ.

ಸೇವ್ ಮಾಡಿದೆ. ಇದೊಂದನ್ನು ಮರೆತರೆ
ಕರೆಂಟು ಹೋಗಿ ಬಂದಾಗ
ಹಳೇ ಪಟ್ಟಿಯೇ ಎದ್ದು ಕೂರುತ್ತದೆ, ಏನೂ ಆಗದವರ ಹಾಗೆ.

ಕೊನೆಯ ತೂತಿನ ದೀಪ ಕಿತ್ತಳೆ, ಕಿತ್ತಳೆ,
ಆಮೇಲೆ ಹಸಿರು.
ಪರೀಕ್ಷೆಗೆಂದು ಮೇಲಕ್ಕೆ ಫೋನು ಹಚ್ಚಿದೆ.
ಎರಡನೇ ರಿಂಗಿಗೇ ಎತ್ತಿದರು.
"ಸಿಸ್ಟರ್, ಕೇಳ್ತಿದೆಯಾ?"
"ಕೇಳ್ತೈತೆ, ಕೇಳ್ತೈತೆ, ಇಡಮ್ಮ ಈಗ,
ಡಾಕ್ಟ್ರಿಗೆ ಹಚ್ಬೇಕು,
ಇಲ್ಲಿ ತಲೆ ಕಾಣ್ತಾ ಐತೆ."